ಗುರುಪುತ್ರಪ್ಪನ ಪಾಲಿನ ಕುಂದಾ

ಮಿಷನ್ನಿಗೆ ಪೂಜೆ ಆಗಲೇಬೇಕು ಅಂತ ಬಸವಣ್ಣೆವ್ವ ಹಟ ಹಿಡಿಯದೇ ಹೋಗಿದ್ದರೆ, ಆ ದಿನ ಖಾನಾಪುರದ ಹಳೇ ಚಾವಡಿ ಗಲ್ಲಿಯಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಎಲ್ಲರೂ ಹೊಟ್ಟೆ ತುಂಬ ಉಂಡು, ತೇಗಿ, ಮಲಗುತ್ತಿದ್ದರು.

"ಟ್ರ್ಯಾಕ್ಟರ್ ತಂದ್ರೂ ಪೂಜಾ ಮಾಡ್ತೇವಿ, ಟೀವಿ ತಂದ್ರೂ ಮಾಡ್ತೇವಿ. ಇದು ಮೈಯಾಗಿನ ರಕ್ತಾ ಕೇಳೂ ಮಿಷನ್. ಇದಕ್ಕ ಪೂಜಾ ಮಾಡದ ಹಂಗ ಬಿಟ್ಟರ ನಡೀತೈತೇನ್ರಿ?" ಅಂತ ಆಕೆ ಕೇಳಿದಳು. ಗಂಡ ಗುರುಪುತ್ರಪ್ಪ ಕೂಡಲೇ ಒಪ್ಪಿದ. ಯಾಕಂದರೆ ಪೂಜೆ ಅಂದಮೇಲೆ ಗಲ್ಲಿಯ ಮಂದಿ ಬರುತ್ತಾರೆ, ಬಂದಮೇಲೆ ಮಿಷನ್ ನೋಡುತ್ತಾರೆ. ಆತನಿಗೂ ಬೇಕಾದದ್ದು ಅದೇ.

ಹಿಂದಿನ ದಿನವಷ್ಟೇ ಬೆಳಗಾವಿಯ ಔಷಧ ಅಂಗಡಿಯಿಂದ ತಂದ ಮಿಷನ್ ಅದು. ಅಂಗೈಯಲ್ಲಿ ಹಿಡಿಸುವ ಬೂದು ಬಣ್ಣದ ಡಬ್ಬಿ. ಬೆರಳಿಗೆ ಸಣ್ಣಗೆ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲೆ ಬಿಟ್ಟರೆ, ಎಲೆ ಅಡಿಕೆ ಮಡಚಿ ಬಾಯಿಗೆ ಹಾಕುವಷ್ಟರಲ್ಲಿ ಮೈಯೊಳಗೆ ಸಕ್ಕರೆ ಎಷ್ಟಿದೆ ಅಂತ ಅಂಕಿ ತೋರಿಸುತ್ತಿತ್ತು. ಅಲ್ಲಿಯವರೆಗೆ ಗುರುಪುತ್ರಪ್ಪ ಪ್ರತಿ ಸಲವೂ ಬರಿಹೊಟ್ಟೆಯಲ್ಲಿ ಮೊದಲ ಬಸ್ಸು ಹಿಡಿದು ಬೆಳಗಾವಿಗೆ ಹೋಗಿ, ರಕ್ತ ಕೊಟ್ಟು, ಸಂಜೆಯತನಕ ಚೀಟಿಗಾಗಿ ಬೆಂಚಿನ ಮೇಲೆ ಕಾಯಬೇಕಿತ್ತು. ಈಗ ಬೆಳಗಾವಿಯೇ ಮನೆಯ ಗೂಡಿಗೆ ಬಂದು ಕೂತಿತ್ತು. ಇಡೀ ಗಲ್ಲಿಯಲ್ಲಿ ಇಂಥದ್ದು ಇನ್ನೊಂದಿಲ್ಲ ಅನ್ನುವುದನ್ನು ಆತ ಮುಂಜಾನೆಯಿಂದ ಹಾಲಿನವನಿಗೆ, ಪೇಪರಿನವನಿಗೆ, ತಪ್ಪಿ ಬಾಗಿಲಿಗೆ ಬಂದ ಎಮ್ಮೆಗೆ ಸಹ ಹೇಳಿ ಮುಗಿಸಿದ್ದ.

ಗುರುಪುತ್ರಪ್ಪ ನಿವೃತ್ತ ಸರ್ವೇಯರ. ಗುಂಜಿಯಿಂದ ಕಣಕುಂಬಿಯವರೆಗೆ ತಾಲ್ಲೂಕಿನ ಯಾವ ಬಾಂದಿನ ಕಲ್ಲು ಎಲ್ಲಿದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲವ. "ನಾ ಹುಗಿಸಿದ ಕಲ್ಲ ಯಾವನೂ ಕಿತ್ತಿಲ್ಲ. ಅಳತಿ ಅಂದ್ರ ಅಳತಿ" ಅಂತ ಮಾತಿಗೊಮ್ಮೆ ಅನ್ನುತ್ತಿದ್ದ. ಖರೇನೇ ಇತ್ತು, ಯಾರೂ ಕಿತ್ತಿರಲಿಲ್ಲ.

ಇಂಥ ಮನುಷ್ಯನ ಮಾನ ಮೂರು ವರ್ಷದಿಂದ ಊಟದ ಪಂಕ್ತಿಯಲ್ಲಿ ಹೋಗುತ್ತಿತ್ತು. ಸಕ್ಕರೆ ಜಡ್ಡು ಬಂದದ್ದು ಆತನೊಬ್ಬನಿಗೆ, ಕಾವಲು ಮಾತ್ರ ಇಡೀ ಗಲ್ಲಿಯದು. ಯಾರ ಮನೆಯ ಕಾರ್ಯವಾಗಲಿ, ಬಡಿಸುವವನು ಸಿಹಿ ಹಿಡಿದು ಹತ್ತಿರ ಬಂದನೆಂದರೆ ನಾಲ್ಕು ಕಡೆಯಿಂದ ಕೂಗು ಏಳುತ್ತಿತ್ತು: "ಏ, ಸರ್ವೇಯರ ಕಾಕಾಗ ಬ್ಯಾಡೋ!" ಎಲೆಯ ಮೇಲೆ ಬೀಳಬೇಕಾದ ಹೋಳಿಗೆ ಗಾಳಿಯಲ್ಲೇ ತಿರುಗಿ ಪಕ್ಕದವನ ಎಲೆಗೆ ಹೋಗುತ್ತಿತ್ತು. ಗುರುಪುತ್ರಪ್ಪನಿಗೆ ಹೋಳಿಗೆ ಹೋದ ದುಃಖಕ್ಕಿಂತ ಆ ಕೂಗಿನ ದುಃಖ ಹೆಚ್ಚು. ಕದ್ದು ತಿನ್ನುವ ಜಾತಿಯವನಲ್ಲ ಆತ. ಒಂದೇ ಒಂದು ಸಲ, ಎಲ್ಲರೂ ನೋಡುತ್ತಿರುವಾಗ, ಪಂಕ್ತಿಯ ನಡುವೆ ತಲೆಯೆತ್ತಿ ಕೂತು ಒಂದು ಸಿಹಿ ತಿನ್ನಬೇಕು. ಆತನಿಗೆ ಇದ್ದ ಆಸೆ ಅಷ್ಟೇ.

ಅದಕ್ಕೆ ಅವಕಾಶವೂ ಅವತ್ತೇ ಇತ್ತು. ಪಕ್ಕದ ಮನೆಯ ಕಿರಾಣಿ ಅಂಗಡಿ ಈರಣ್ಣನ ಮಗಳು ಸಮೃದ್ಧಿ ಬಸುರಿ. ಸಂಜೆ ಆಕೆಯ ಕುಬಸದ ಕಾರ್ಯ. ಊಟಕ್ಕೆ ಬೆಳಗಾವಿಯಿಂದ ಕುಂದಾ ಬರುವುದಿತ್ತು. ಹಾಲು ಕಾಯಿಸಿ ಕಾಯಿಸಿ ಕಂದು ಬಣ್ಣಕ್ಕೆ ತಂದ ಆ ಕುಂದಾದ ಹೆಸರು ಕೇಳಿದರೆ ಸಾಕು, ಗುರುಪುತ್ರಪ್ಪನ ಬಾಯಲ್ಲಿ ಮಲಪ್ರಭಾ ಹರಿಯುತ್ತಿತ್ತು. "ನಿಮ್ಮ ಸಕ್ರಿ ಹದ್ದಿನ್ಯಾಗಿದ್ರ ಹಬ್ಬಕ್ಕೊಂದು ತುಣುಕು ಅಡ್ಡಿಯಿಲ್ಲ" ಅಂತ ಡಾಕ್ಟರರೂ ಹೇಳಿದ್ದರು. ಬಸವಣ್ಣೆವ್ವ ಬಹಳ ಚೌಕಾಶಿ ಮಾಡಿ ಒಪ್ಪಿದ್ದಳು: "ಮುಂಜಾನೆ ಬರಿಹೊಟ್ಟೀಲೆ ನೋಡೂಣು. ನೂರಾ ಇಪ್ಪತ್ತರ ಒಳಗ ಬಂದ್ರ ಒಂದ ತುಣುಕು. ಒಂದ."

ಆ ಒಂದಕ್ಕಾಗಿ ಗುರುಪುತ್ರಪ್ಪ ಎಷ್ಟು ದಿನ ಹಾಗಲಕಾಯಿ ನುಂಗಿದ್ದ, ಎಷ್ಟು ದೂರ ನಡೆದಿದ್ದ, ಅದನ್ನು ಕೇಳಬೇಡಿ.

ಪೂಜೆಗೆ ಗಲ್ಲಿಯೇ ಬಂತು. ಎದುರು ಮನೆಯ ಮುದುಕಿ ಮಾಯವ್ವ ಎಲ್ಲರಿಗಿಂತ ಮೊದಲು ಬಂದು ಕಂಬಕ್ಕೆ ಒರಗಿ ಕೂತಳು. ಈರಣ್ಣ ಕುಬಸದ ಗಡಿಬಿಡಿಯಲ್ಲೂ ಬಂದ. ಮಾಳಿಗೆಯ ಮೇಲೆ ಬಾಡಿಗೆಗಿದ್ದ, ಮರಾಠಿ ಸಾಲೆಯ ಪೀಟಿ ಮಾಸ್ತರ ಸಂಜಯ ಸರ್ ಓಟ ಮುಗಿಸಿ, ಜಳಕ ಮಾಡಿ ಬಂದ. ಬಸವಣ್ಣೆವ್ವ ಮಿಷನ್ನಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ಆರತಿ ಬೆಳಗಿ, ಎಲ್ಲರ ಅಂಗೈಗೆ ಪ್ರಸಾದದ ಸಕ್ಕರೆ ಹಾಕಿದಳು. ಎಲ್ಲರೂ ಅದನ್ನು ಬೆರಳಲ್ಲಿ ಬಾಚಿ ಬಾಯಿಗೆ ಹಾಕಿಕೊಂಡು, ಬೆರಳು ನೆಕ್ಕಿ, ಕೈಯನ್ನು ಸೆರಗಿಗೋ ಧೋತರಕ್ಕೋ ಒರೆಸಿಕೊಂಡರು. ಗುರುಪುತ್ರಪ್ಪನ ಅಂಗೈಗೆ ಮಾತ್ರ ಒಂದು ಹೂವಿನ ಎಸಳು ಬಿತ್ತು.

"ಈಗ ನೋಡ್ರಿ" ಅಂದು ಆತ ಬೆರಳು ಚುಚ್ಚಿಕೊಂಡ. ಎಲ್ಲರೂ ಉಸಿರು ಹಿಡಿದು ಬಗ್ಗಿದರು. ಮಿಷನ್ ಪೀಂ ಅಂದಿತು. ನೂರಾ ಹನ್ನೆರಡು.

"ಶಾಬ್ಬಾಸ್ ಕಾಕಾ!" ಅಂತ ಸಂಜಯ ಸರ್ ಚಪ್ಪಾಳೆ ತಟ್ಟಿದ. ಬಸವಣ್ಣೆವ್ವ ಸೊಂಟದ ಮೇಲೆ ಕೈ ಇಟ್ಟು, "ಆತು, ನನ್ನ ಮಾತಂದ್ರ ಮಾತು. ಸಂಜಿಗೆ ಒಂದ ತುಣುಕು ತಿನ್ರಿ, ಯಾರೂ ಏನೂ ಅನ್ನಾಂಗಿಲ್ಲ" ಅಂತ ಎಲ್ಲರ ಮುಂದೆ ಸಾರಿದಳು. ಗುರುಪುತ್ರಪ್ಪನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈರಣ್ಣ ಬೆರಳು ಚಾಚಿದ. "ಕಾಕಾ, ನಂದೂ ಒಂದ ನೋಡ್ರೆಲ್ಲಾ. ಹೆಂಗೂ ಬಂದೇನಿ."

ಗುರುಪುತ್ರಪ್ಪ ದೊಡ್ಡ ಮನಸ್ಸಿನಿಂದ ಹೊಸ ಸೂಜಿ ಹಾಕಿ, ಹೊಸ ಪಟ್ಟಿ ತೆಗೆದು ಚುಚ್ಚಿದ. ಪೀಂ. ಮುನ್ನೂರಾ ಎಂಬತ್ತಾರು.

ಈರಣ್ಣನ ಮುಖ ಅಲ್ಲೇ ಇಳಿಯಿತು. "ಎಲಾ ಇವನ! ನನಗ ಸಕ್ರಿ? ಕಾಕಾ, ನಾ ಅಂಗಡ್ಯಾಗ ಸಕ್ರಿ ಚೀಲಕ್ಕ ಒರಗಿ ಕುಂದರತೇನಿ. ಅದಕ್ಕ ಹತ್ತಿರಬೇಕೇನ್ರಿ?"

"ಅದು ಹಂಗ ಹತ್ತೂ ಜಡ್ಡಲ್ಲೋ ಮಾರಾಯಾ" ಅಂದ ಗುರುಪುತ್ರಪ್ಪ, ಡಾಕ್ಟರರ ದನಿಯಲ್ಲಿ.

ಸಂಜಯ ಸರ್‌ನದು ಮುನ್ನೂರಾ ನಲವತ್ತು. "ಅರೇ ದೇವಾ! ನಾ ದಿನಾ ಹೊಳಿ ಪೂಲತನಕ ಓಡತೇನ್ರಿ ಕಾಕಾ!" ಅಂದವನು ಆಗಿಂದಾಗ ಕಣ್ಣಿಗೆ ಕತ್ತಲೆ ಬಂದು ಕಟ್ಟೆಯ ಮೇಲೆ ಮಲಗಿಬಿಟ್ಟ. ಮಾಯವ್ವನದು ನಾನೂರಾ ಹನ್ನೆರಡು. ಆಕೆ ಅಂಕಿ ಕೇಳಿ ಈರಣ್ಣನ ಕಡೆ ನೋಡಿದಳು.

"ಗುರುಪುತ್ರಾ, ಅಂದ್ರ ಈರಣ್ಣಗಿಂತ ನಂದ ಹೆಚ್ಚೇನೋ?"

"ಭಾಳ ಹೆಚ್ಚು ಆಯೀ. ಇಲ್ಲಿದ್ದವರಾಗ ನಿಂದ ಹೆಚ್ಚು."

"ಹಂಗನ್ನು ಮತ್ತ" ಅಂತ ಮಾಯವ್ವ ಕಾಲು ಚಾಚಿ ಸರಿಯಾಗಿ ಕೂತಳು. ಅವತ್ತು ಆಕೆ ತರಕಾರಿಯವನಿಂದ ಹಿಡಿದು ಪೋಸ್ಟಿನವನವರೆಗೆ ಯಾರನ್ನೂ ಬಿಡಲಿಲ್ಲ. ಎಲ್ಲರಿಗೂ ತನ್ನ ನಂಬರು ಹೇಳಿಯೇ ಕಳಿಸಿದಳು.

ಬಸವಣ್ಣೆವ್ವನನ್ನೂ ಕರೆದರು. "ನನಗೇನ ಆಗೇತಿ? ನನಗ ಒಲಿ ಮ್ಯಾಲೆ ಕೆಲಸ ಐತಿ" ಅಂತ ಆಕೆ ಒಳಗೆ ಹೋದಳು.

ಈರಣ್ಣ ಇನ್ನೊಮ್ಮೆ ಕೇಳಿದ, "ಕಾಕಾ, ಮಿಷನ್ ಬರೋಬ್ಬರ ಐತಲ್ರಿ?"

ಇಂಥ ಪ್ರಶ್ನೆಯನ್ನು ಸರ್ವೇಯರನಿಗೆ ಕೇಳಬಾರದು. ಗುರುಪುತ್ರಪ್ಪ ಎದ್ದು ನಿಂತ. "ಇಡೀ ತಾಲೂಕಾ ಅಳದ ಕೈ ಇದು ಈರಣ್ಣಾ. ನನ್ನ ಅಳತಿ ತಪ್ಪಾದ್ರ ಹೇಳು, ಇವತ್ತ ಮೀಸಿ ಬೋಳಸ್ತೇನಿ!"

ಆ ಮೀಸೆ ಎಂಥದ್ದು ಅಂತ ಗಲ್ಲಿಗೆ ಗೊತ್ತು. ಅಲ್ಲಿಗೆ ಎಲ್ಲರೂ ಅಂಕಿಯನ್ನು ನಂಬಿಬಿಟ್ಟರು.

ಖರೇ ಹೇಳಬೇಕಂದರೆ ಗುರುಪುತ್ರಪ್ಪನಿಗೆ ಒಳಗೊಳಗೇ ಹಿಗ್ಗು. ಮೂರು ವರ್ಷ ತನ್ನ ಎಲೆ ಕಾದವರಿಗೆಲ್ಲ ಸಕ್ಕರೆ, ತಾನೊಬ್ಬ ಶುದ್ಧ! ಆರಾಮ ಕುರ್ಚಿ ಕಟ್ಟೆಗೆ ತರಿಸಿ, ಬೀಗರ ಹಾಗೆ ಕಾಲಮೇಲೆ ಕಾಲು ಹಾಕಿ ಕೂತು ಉಪದೇಶ ಶುರು ಮಾಡಿದ. ಅನ್ನ ಬಿಡ್ರಿ, ಜೋಳದ ರೊಟ್ಟಿ ಹಿಡೀರಿ. ಚಹಾಕ್ಕ ಸಕ್ರಿ ಮುಟ್ಟಬ್ಯಾಡ್ರಿ. ಮೆಂತೆ ನೆನಸಿ ತಿನ್ರಿ. ನಡೀರಿ, ಕುಂದರಬ್ಯಾಡ್ರಿ. ಮಧ್ಯಾಹ್ನದ ಹೊತ್ತಿಗೆ ಗಲ್ಲಿಯಲ್ಲಿ ಹಾಗಲಕಾಯಿ ಬಿಟ್ಟರೆ ಬೇರೆ ವಾಸನೆ ಇರಲಿಲ್ಲ. ಜಾಂಬೋಟಿ ರಸ್ತೆಯಲ್ಲಿ ಮಂದಿ ಸಾಲಾಗಿ ನಡೆಯುತ್ತಿದ್ದರು. "ಯಾರ ಸತ್ತಾರ್ರಿ?" ಅಂತ ಬೀಡಿ ಊರಿನ ಕಡೆಯಿಂದ ಬಂದ ಗಾಡಿಯವ ಕೇಳಿದನಂತೆ.

ಊಟದ ಹೊತ್ತಿಗೆ ಈರಣ್ಣ ಬಂದು ಕೈ ಮುಗಿದ. "ಕಾಕಾ, ನಿಮ್ಮಿಂದ ನಮ್ಮ ಕಣ್ಣ ತೆರೀತ್ರಿ. ಇವತ್ತ ಸಂಜಿ ಊಟಕ್ಕ ಒಂದೂ ಸಿಹಿ ಇಲ್ಲ! ಬೆಳಗಾವಿಗೆ ಫೋನ್ ಹಚ್ಚಿ ಕುಂದಾ ಬ್ಯಾಡಂತ ಹೇಳಿಬಿಟ್ಟೆ. ರೊಟ್ಟಿ, ಹಾಗಲಕಾಯಿ ಪಲ್ಲೆ, ಮೆಂತೆ ಸೊಪ್ಪು. ಎಲ್ಲಾ ನೀವು ಹೇಳಿದಂಗ."

ಗುರುಪುತ್ರಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

"ಕುಂದಾ ಬ್ಯಾಡಂದ್ಯಾ?"

"ಹೌದ್ರಿ."

"ಅಲ್ಲೋ ಹುಚ್ಚಪ್ಪಾ, ಕುಬಸಕ್ಕ ಸಿಹಿ ಇಲ್ಲಂದ್ರ ಹೆಂಗ? ಬಸುರ ಹೆಣಮಗಳು ಮುಖಾ ಸಣ್ಣದ ಮಾಡಕೊಂಡ ಕುಂದರತಾಳಲ್ಲೋ!"

"ಆಕಿಗೂ ಹೇಳೇನ್ರಿ, ಅಪ್ಪನ ಜೀವಾ ದೊಡ್ಡದೋ ಕುಂದಾ ದೊಡ್ಡದೋ ಅಂತ."

ಗುರುಪುತ್ರಪ್ಪ ಸುತ್ತಮುತ್ತ ನೋಡಿ ದನಿ ತಗ್ಗಿಸಿದ. "ಈರಣ್ಣಾ, ಒಂದ ಮಾತ ಹೇಳ್ತೇನಿ. ಮಿಷನ್ ಒಮ್ಮೊಮ್ಮೆ... ಸ್ವಲ್ಪ ಹೆಚ್ಚ ಕಡಿಮಿ..."

ಈರಣ್ಣನ ಕಣ್ಣಲ್ಲಿ ನೀರು ಬಂತು. "ನಮ್ಮ ಸಮಾಧಾನಕ್ಕ ಸುಳ್ಳ ಹೇಳಬ್ಯಾಡ್ರಿ ಕಾಕಾ. ನೀವು ಮೀಸಿ ಮ್ಯಾಲೆ ಆಣಿ ಮಾಡಿದವರು." ಬಗ್ಗಿ ಕಾಲು ಮುಟ್ಟಿ ಹೋದ.

ಗುರುಪುತ್ರಪ್ಪ ಊಟ ಅರ್ಧಕ್ಕೆ ಬಿಟ್ಟು, ಮಿಷನ್ ಬಗಲಿಗಿಟ್ಟುಕೊಂಡು ಬೆಳಗಾವಿ ಬಸ್ಸು ಹತ್ತಿದ. ಇಡೀ ಗಲ್ಲಿಗೆ ಒಂದೇ ಮುಂಜಾನೆ ಸಕ್ಕರೆ ಬರುವುದೆಂದರೆ ಏನು? ಅದೂ ಕುಂದಾದ ದಿನ?

ಔಷಧ ಅಂಗಡಿಯ ಪ್ರಮಿಳಾಬಾಯಿ ಆತನ ಮಾತನ್ನೆಲ್ಲ ಕೇಳಿಕೊಂಡಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು. "ಮೊದಲ ಕೈ ತೊಳಸ್ರಿ ಅಂತ ನಿನ್ನೆ ಹೇಳಿದ್ನೆಲ್ರಿ ಸರ. ತೊಳಸಿದ್ರಿಲ್ಲೋ?"

"ತೊಳಸೂದೇನ ಬಂತ್ರಿ ಬಾಯಿ? ಪೂಜಾಕ್ಕ ಬಂದವರು, ಎಲ್ಲಾರೂ ಜಳಕಾ ಮಾಡಿ ಬಂದಿದ್ರು."

"ಪೂಜಾ? ಪ್ರಸಾದ ಏನಿತ್ರಿ?"

"ಸಕ್ರಿ."

ಪ್ರಮಿಳಾಬಾಯಿ ಬಾಯಿಗೆ ಸೆರಗು ಹಿಡಿದಳು. ಹಿಡಿದರೂ ನಗು ನಿಲ್ಲಲಿಲ್ಲ, ರೊಕ್ಕದ ಗಲ್ಲೆಯ ಮೇಲೆ ತಲೆಯಿಟ್ಟು ನಕ್ಕಳು. "ಸರ, ಸಕ್ರಿ ಹಿಡಿದ ಬೆರಳಿಗೆ ಚುಚ್ಚೀರಿ. ರಕ್ತದ ಹನಿ ಬೆರಳ ಮ್ಯಾಲಿನ ಸಕ್ರಿನೂ ಕರಗಿಸಿಕೊಂಡ ಬಂದೈತಿ. ಮಿಷನ್ ಪಾಪ, ಇದ್ದದ್ದ ಹೇಳೇತಿ. ಸಾಬಾಣ ಹಚ್ಚಿ ತೊಳಸಿ, ಒಣಗಿಸಿ ನೋಡ್ರಿ."

ಗುರುಪುತ್ರಪ್ಪ ಹೊರಗೆ ಬಂದು ರಸ್ತೆಯಲ್ಲೇ ನಿಂತ. ಒಂದು ಕಡೆ ಸಂತೋಷ: ಗಲ್ಲಿಗೆ ಸಕ್ಕರೆ ಇಲ್ಲ, ಕುಂದಾ ಮತ್ತೆ ಉಂಟು. ಇನ್ನೊಂದು ಕಡೆ ಮೀಸೆ. ಕೈ ತಾನಾಗಿ ಮೇಲ್ದುಟಿಯ ಮೇಲೆ ಹೋಯಿತು. ಸುಮ್ಮನಿದ್ದರೆ ಮೀಸೆ ಉಳಿಯುತ್ತದೆ, ಆದರೆ ಈರಣ್ಣ ಬದುಕಿರುವತನಕ ಹಾಗಲಕಾಯಿ ತಿನ್ನುತ್ತಾನೆ, ಸಂಜಯ ಸರ್ ಹೆದರಿಕೆಯಿಂದಲೇ ಸಾಯುತ್ತಾನೆ. ಹೇಳಿದರೆ ತನ್ನ ಅಳತೆ ತಪ್ಪು ಅಂತ ತಾನೇ ಒಪ್ಪಿದಂತೆ. ಯೋಚನೆ ಮಾಡುತ್ತ ಮಿಠಾಯಿ ಅಂಗಡಿಯ ಮುಂದೆ ಬಂದಾಗ ಆತನಿಗೆ ಥಟ್ಟನೆ ಹೊಳೆಯಿತು. ತಪ್ಪೆಲ್ಲಿ ಆಗಿದೆ? ಬೆರಳ ಮೇಲಿನ ಕಣ್ಣಿಗೆ ಕಾಣದ ಸಕ್ಕರೆಯನ್ನೂ ಹಿಡಿದ ಮಿಷನ್ ಇದು! ಇದಕ್ಕಿಂತ ಬರೋಬ್ಬರ ಅಳತೆ ಎಲ್ಲಾದರೂ ಉಂಟೇ? ಕೂಡಲೇ ಎದೆ ಮತ್ತೆ ಉಬ್ಬಿತು. ಇಡೀ ಪಂಕ್ತಿಗೆ ಸಾಲುವಷ್ಟು ಕುಂದಾ ಕಟ್ಟಿಸಿಕೊಂಡು ಖಾನಾಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಕುಂದಾದ ಡಬ್ಬಿ ತೊಡೆಯ ಮೇಲೆ ಬೆಚ್ಚಗೆ ಕೂತಿತ್ತು. ಒಮ್ಮೆಯೂ ಮುಚ್ಚಳ ತೆಗೆಯಲಿಲ್ಲ. ಅದು ನೋಡಿ ಸ್ವಾಭಿಮಾನ ಅಂದರೆ.

ಈರಣ್ಣನ ಅಂಗಳದಲ್ಲಿ ಕುಬಸ ನಡೆದಿತ್ತು, ಆದರೆ ಸೂತಕದ ಮನೆಯ ಹಾಗಿತ್ತು. ಹಸಿರು ಸೀರೆ, ಹಸಿರು ಬಳೆ ತೊಟ್ಟ ಸಮೃದ್ಧಿ ತುಟಿ ಉಬ್ಬಿಸಿ ಕೂತಿದ್ದಳು. ಸಂಜಯ ಸರ್ ಕಂಬಳಿ ಹೊದ್ದಿದ್ದ. ಗುರುಪುತ್ರಪ್ಪ ಡಬ್ಬಿಯನ್ನು ನಡುವೆ ಇಟ್ಟು, "ಏಳ್ರಿ ಎಲ್ಲಾರೂ, ಬಚ್ಚಲಕ್ಕ ನಡೀರಿ! ಸಾಬಾಣ ಹಚ್ಚಿ ಕೈ ತೊಳಕೊಂಡ ಬರ್ರಿ!" ಅಂತ ಗುಡುಗಿದ. ವಿಷಯ ಹೇಳಿದ. ಪ್ರಸಾದದ ಸಕ್ಕರೆ, ಬೆರಳು, ರಕ್ತ, ಎಲ್ಲ. ತನ್ನ ಮಿಷನ್ ಎಂಥ ಚುರುಕು ಅನ್ನುವುದನ್ನು ಎರಡೆರಡು ಸಲ ಹೇಳಿದ.

ಒಬ್ಬೊಬ್ಬರಾಗಿ ಬೆರಳು ಕೊಟ್ಟರು. ಈರಣ್ಣ ತೊಂಬತ್ತಾರು. ಸಂಜಯ ಸರ್ ಎಂಬತ್ತೆಂಟು. ಆತ ಕಂಬಳಿ ಕಿತ್ತೊಗೆದು ಅಂಗಳದಲ್ಲೇ ಒಂದು ಸುತ್ತು ಓಡಿದ. ಮಾಯವ್ವ ನೂರಾ ಎರಡು.

"ಅಷ್ಟ ಏನೋ?" ಅಂತ ಮಾಯವ್ವ ಬೇಸರ ಪಟ್ಟಳು. "ಇನ್ನೊಮ್ಮೆ ನೋಡ, ತಪ್ಪಿರಬೇಕು."

ಅಂಗಳಕ್ಕೆ ಜೀವ ಬಂತು. ಎಲೆ ಹಾಕಿದರು, ಪಂಕ್ತಿ ಕೂತಿತು. ಈರಣ್ಣ ತಾನೇ ಕುಂದಾದ ಪಾತ್ರೆ ಹಿಡಿದು ಮೊದಲು ಗುರುಪುತ್ರಪ್ಪನ ಎಲೆಯ ಮುಂದೆ ಬಂದ. "ಇಡೀ ಗಲ್ಲಿ ಮರ್ಯಾದಿ ಉಳಿಸಿದವರು. ಕಾಕಾ, ದೊಡ್ಡ ತುಣಕ ತಗೋರಿ!" ಯಾರೂ ಕೂಗಲಿಲ್ಲ. ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಎಲ್ಲರೂ ಗೌರವದಿಂದ ನೋಡುತ್ತಿದ್ದರು. ಮೂರು ವರ್ಷ ಕಾದದ್ದು ಈ ಗಳಿಗೆಗೇ. ಗುರುಪುತ್ರಪ್ಪನಿಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ.

ಆತ ಕೈ ಚಾಚುವಷ್ಟರಲ್ಲಿ ಸಮೃದ್ಧಿ ಬಸವಣ್ಣೆವ್ವನ ಕಡೆ ತಿರುಗಿ, "ಕಾಕು, ಎಲ್ಲಾರದೂ ಆತು, ನಿಮ್ಮದೊಂದ ನೋಡೇ ಇಲ್ಲಲ್ರಿ?" ಅಂದಳು.

"ನನ್ನದೇನ ನೋಡ್ತೀಯವಾ" ಅಂತ ಬಸವಣ್ಣೆವ್ವ ಬಡಿಸುತ್ತಲೇ ಇದ್ದಳು. ಆದರೆ ಗಲ್ಲಿ ಬಿಡಬೇಕಲ್ಲ. "ಕೈ ಕೊಡ್ರಿ ಕಾಕು! ಅಂಜತೀರೇನು?" ಅಂತ ಎಲ್ಲರೂ ಎದ್ದರು. ಗುರುಪುತ್ರಪ್ಪನಿಗೂ ಹುರುಪು. "ಬಾ ಬಾ. ಕೈ ತೊಳಕೊಂಡ ಬಾ. ನಮ್ಮ ಮನ್ಯಾಕೀದೂ ಜನಾ ನೋಡಲಿ" ಅಂದ.

ಆಕೆ ತೊಳೆದು, ಒರೆಸಿ, ಬೆರಳು ಕೊಟ್ಟಳು. ಪೀಂ. ಇನ್ನೂರಾ ತೊಂಬತ್ತೆಂಟು.

"ಕೈ ಸರಿಯಾಗಿ ತೊಳದಿಲ್ಲ ನೀ" ಅಂದ ಗುರುಪುತ್ರಪ್ಪ. ಈ ಸಲ ತಾನೇ ಎದ್ದು ಹೋಗಿ, ತಾನೇ ಸಾಬಾಣ ಹಚ್ಚಿ, ಮೊಣಕೈತನಕ ತೊಳೆದು, ತನ್ನ ಟವೆಲಿನಿಂದ ಒರೆಸಿ, ಇನ್ನೊಂದು ಕೈಯ ಬೆರಳಿಗೆ ಚುಚ್ಚಿದ. ಮುನ್ನೂರಾ ನಾಲ್ಕು.

ಬಸವಣ್ಣೆವ್ವ ಗಂಡನ ಮುಖ ನೋಡಲಿಲ್ಲ. ನೆಲ ನೋಡುತ್ತ ಮೆಲ್ಲಗೆ ಅಂದಳು. "ಮೂರ ವರ್ಷದಿಂದ ಗಲ್ಲ್ಯಾಗ ಯಾರ ಮನಿಯಿಂದ ಹೋಳಗಿ ಬರಲಿ, ಉಂಡಿ ಬರಲಿ, ನೀವು ನೋಡಿದ್ರ ಆಶಿ ಆಕ್ಕೈತಿ ಅಂತ ಅಡಗಿ ಮನ್ಯಾಗ ನಿಂತು ಮುಗಸ್ತಿದ್ದೆ. ನಂದೂ ತಿಂದು, ನಿಮ್ಮ ಪಾಲಿಂದೂ ನಾನ ತಿಂತಿದ್ದೆ. ಚೆಲ್ಲಾಕ ಮನಸ ಬರ್ತಿದ್ದಿಲ್ರಿ."

ಗುರುಪುತ್ರಪ್ಪ ಬೆಪ್ಪಾಗಿ ನಿಂತ. ತನಗೆ ಸಕ್ಕರೆ ಬಂದಮೇಲೆ ಗಲ್ಲಿಯವರು ಮನೆಗೆ ಸಿಹಿ ಕಳಿಸುವುದನ್ನೇ ಬಿಟ್ಟಿದ್ದಾರೆ ಅಂತ ಆತ ತಿಳಿದಿದ್ದ. ಬಿಟ್ಟಿರಲಿಲ್ಲ. ಒಂದೂ ಬಿಟ್ಟಿರಲಿಲ್ಲ. ನಗಬೇಕೋ ಬೈಯಬೇಕೋ ತಿಳಿಯದೆ ಆಕೆಯ ಕೈಯನ್ನು ಹಾಗೇ ಹಿಡಿದುಕೊಂಡ.

"ಅಂಜಬ್ಯಾಡ" ಅಂದ. "ನಾಳೆ ಮೊದಲನೇ ಬಸ್ಸಿಗೆ ಬೆಳಗಾವಿಗೆ ಹೋಗೂಣು. ಡಾಕ್ಟರಗ ತೋರಸೂಣು. ಇದಕ್ಕ ಔಷಧಾ ಐತಿ, ನಾ ಇಲ್ಲೇನು ಎದುರಿಗೆ? ಮನ್ಯಾಗ ಮಿಷನ್ ಇತ್ತಂತ ಸಿಕ್ಕಿತು, ಇಲ್ಲಂದ್ರ ಯಾರಿಗೆ ತಿಳೀತಿತ್ತು?" ಕಡೆಯ ಮಾತನ್ನು ಮಾತ್ರ ಪಂಕ್ತಿಗೆಲ್ಲ ಕೇಳುವಂತೆ ಹೇಳಿದ.

"ನೀವು ತಿನ್ರಿ" ಅಂದಳು ಬಸವಣ್ಣೆವ್ವ ಕಣ್ಣೊರೆಸಿಕೊಂಡು. "ನಿಮ್ಮ ನಂಬರ್ ಛಲೋ ಐತಿ. ನಾ ಎಲ್ಲಾರ ಮುಂದ ಮಾತ ಕೊಟ್ಟೇನಿ."

ಗುರುಪುತ್ರಪ್ಪ ಎಲೆಯ ಮುಂದೆ ಕೂತ. ಕುಂದಾ ಎತ್ತಿದ. ಬಾಯಿಯ ಹತ್ತಿರ ತಂದ. ಹೆಂಡತಿ ಎದುರು ನಿಂತು ನೋಡುತ್ತಿದ್ದಳು. ಆಕೆ ನೋಡುತ್ತಿದ್ದದ್ದು ಗಂಡನನ್ನಲ್ಲ, ಕುಂದಾವನ್ನು. ಆ ನೋಟದ ಸಂಕಟ ಎಂಥದ್ದು ಅಂತ ಆ ಅಂಗಳದಲ್ಲಿ ಗುರುಪುತ್ರಪ್ಪನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ತುಣುಕನ್ನು ಸಮೃದ್ಧಿಯ ಎಲೆಗೆ ಇಟ್ಟು, "ಈರಣ್ಣಾ, ಹಾಗಲಕಾಯಿ ಪಲ್ಲೆ ತಾರೋ. ಇಬ್ಬರಿಗೂ ಹಾಕು" ಅಂದ. ಬಸವಣ್ಣೆವ್ವನನ್ನು ಕೈ ಹಿಡಿದು ತನ್ನ ಬಾಜೂಕ್ಕೆ ಕೂರಿಸಿಕೊಂಡ.

ಹಾಗಲಕಾಯಿ ಬೇಕಾದಷ್ಟಿತ್ತು. ಈರಣ್ಣ ಸುರಿದುಬಿಟ್ಟ. ಬಸವಣ್ಣೆವ್ವ ಒಂದು ತುತ್ತು ಬಾಯಿಗಿಟ್ಟುಕೊಂಡು ಮುಖ ಕಿವುಚಿದಳು.

"ಅಯ್ಯಯ್ಯ! ಇದನ್ನ ಮೂರ ವರ್ಷ ಹೆಂಗ ತಿಂದ್ರಿ?"

"ನೀ ಎದುರ ಕುಂತಿರ್ತಿದ್ದಿ" ಅಂದ ಗುರುಪುತ್ರಪ್ಪ, ರೊಟ್ಟಿ ಮುರಿಯುತ್ತ. "ಓಡಿ ಹೋಗಾಕ ದಾರಿ ಎಲ್ಲಿತ್ತು?"